ಓಡುತ್ತಿದ್ದ ಕಾರು ತಟ್ಟನೆ ನಿಂತರೆ: ಬಿಡಿಭಾಗ ಬದಲಿಸುವ ಮುನ್ನ ಮಾಡಬೇಕಾದ ತನಿಖೆ

ಗುಂಡ್ಯ ದಾಟಿ ಶಿರಾಡಿ ಘಾಟಿ ಏರುತ್ತಿದ್ದೆವು. ಎರಡನೇ ಗೇರು, ಮುಂದೆ ಟ್ಯಾಂಕರ್, ಹಿಂದೆ ಬಸ್ಸು. ನನ್ನ ಬಲಗಾಲು ಎಕ್ಸಲರೇಟರ್ ಮೇಲೇ ಇತ್ತು, ಕ್ಲಚ್ ಮುಟ್ಟಿರಲಿಲ್ಲ. ಎಂಜಿನ್ ಕೆಮ್ಮಲಿಲ್ಲ, ನಡುಗಲಿಲ್ಲ. ಸದ್ದು ಒಮ್ಮೆಲೇ ಇಲ್ಲವಾಯಿತು. ಕಾರು ಮುಗ್ಗರಿಸಿ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದು ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ರಸ್ತೆಯಂಚಿನ ಕಲ್ಲಿನ ಮೇಲೆ ಅರ್ಧ ಗಂಟೆ ಕುಳಿತಿದ್ದು ಮತ್ತೆ ಕೀಲಿ ತಿರುಗಿಸಿದಾಗ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

ಮುಂದಿನ ಎರಡು ತಿಂಗಳಲ್ಲಿ ಆ ಕಾರಿಗೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪ್ ಎಲ್ಲವೂ ಹೊಸದಾಗಿ ಬಂದವು. ಬಿಲ್ಲು ಬೆಳೆಯಿತು. ಕಾರು ಮಾತ್ರ ಬಿಸಿಯಾದಾಗಲೆಲ್ಲ ನಿಲ್ಲುತ್ತಲೇ ಇತ್ತು. ಕೊನೆಗೆ ಹಾಸನದ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲೇ ಕೇಳಿದರು: "ಮೇಡಂ, ಗಾಡಿ ಆಫ್ ಆದಾಗ ಆರ್‌ಪಿಎಂ ಮುಳ್ಳು ಹೇಗೆ ಬಿತ್ತು? ಗಾಡಿಯ ವೇಗದ ಜೊತೆ ಇಳಿಯಿತೋ, ಗಾಡಿ ಇನ್ನೂ ಉರುಳುತ್ತಿರುವಾಗಲೇ ಸೊನ್ನೆಗೆ ಬಿತ್ತೋ?"

ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಅದು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಎಂದು ತೋರಿಸುವ ಆ ಮುಳ್ಳನ್ನು ನಾನು ನೋಡಿಯೂ ಇರಲಿಲ್ಲ.

ಕಾರು ನಿಂತ ಆ ಹತ್ತು ಸೆಕೆಂಡುಗಳಲ್ಲಿ ಏನೇನಾಯಿತು ಎಂಬುದೇ ಈ ರೋಗದ ಅತಿ ದೊಡ್ಡ ಸಾಕ್ಷಿ, ಮತ್ತು ಅದನ್ನು ಕಂಡವರು ಚಾಲಕರೊಬ್ಬರೇ. ಗ್ಯಾರೇಜಿಗೆ ತಲುಪುವ ಹೊತ್ತಿಗೆ ಎಂಜಿನ್ ತಣ್ಣಗಾಗಿರುತ್ತದೆ, ದೋಷ ಅಡಗಿ ಕುಳಿತಿರುತ್ತದೆ. ಮೆಕ್ಯಾನಿಕ್ ಊಹಿಸುತ್ತಾರೆ, ನಾವು ಹಣ ಕೊಡುತ್ತೇವೆ. ಆ ಸಾಕ್ಷಿಯನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ, ಅದರಿಂದ ಯಾವ ಭಾಗದ ಕಡೆಗೆ ಬೆರಳು ತೋರಿಸಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನದು ಪೆಟ್ರೋಲ್ ಕಾರಿನ ವಿಷಯ. ಡೀಸೆಲ್ ಮತ್ತು ಸಿಎನ್‌ಜಿ ಕಾರುಗಳ ವಿಷಯ ಕೊನೆಯಲ್ಲಿದೆ.

ಮೊದಲು ಜೀವ, ಆಮೇಲೆ ಎಂಜಿನ್

ಓಡುವಾಗ ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕ್ ಕೂಡ ಕೆಲಸ ಮಾಡುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಎರಡು ಮೂರು ಬಾರಿ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ. ಪೆಡಲನ್ನು ಪದೇ ಪದೇ ತುಳಿದು ಅದನ್ನು ಖಾಲಿ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಅದು ಮುಗಿದ ಮೇಲೂ ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಪೂರ್ತಿ ಬಲ ಹಾಕಬೇಕಾಗುತ್ತದೆ. ಗಾಬರಿಯಲ್ಲಿ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಆಗಬಹುದು. ಕಾರು ಪೂರ್ತಿ ನಿಲ್ಲುವವರೆಗೆ ಕೀಲಿ ಇದ್ದಲ್ಲೇ ಇರಲಿ. ಘಾಟಿ ಇಳಿಯುವಾಗ ನಿಂತರೆ ಮ್ಯಾನ್ಯುಯಲ್ ಕಾರನ್ನು ನ್ಯೂಟ್ರಲ್‌ಗೆ ಹಾಕಬೇಡಿ. ಸತ್ತ ಎಂಜಿನ್ ಕೂಡ ಗೇರಿನಲ್ಲಿದ್ದರೆ ಕಾರನ್ನು ಹಿಡಿದೆಳೆಯುತ್ತದೆ.

ಹಜಾರ್ಡ್ ದೀಪ ಹಾಕಿ ಎಡಕ್ಕೆ ಸರಿಯಿರಿ. ಕಾರಿನ ಜೊತೆ ಬಂದ ಕೆಂಪು ತ್ರಿಕೋನವನ್ನು ಐವತ್ತು ಮೀಟರ್ ಹಿಂದಾದರೂ ಇಡಬೇಕು. ತಿರುವಿನಲ್ಲಿ ನಿಂತಿದ್ದರೆ ತಿರುವಿಗೆ ಮುಂಚೆಯೇ ಇಡಬೇಕು. ತಿರುವಿನೊಳಗೆ ಇಟ್ಟ ತ್ರಿಕೋನ ಹಿಂದಿನ ಲಾರಿಯವರಿಗೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕಾರಿನಲ್ಲಿದ್ದವರೆಲ್ಲ ಇಳಿದು ರಸ್ತೆಯ ಅಂಚಿನಾಚೆ ನಿಲ್ಲಲಿ. ಸಹಾಯಕ್ಕೆ ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033, ಬೇರೆಲ್ಲಿದ್ದರೂ 112ಕ್ಕೆ ಕರೆ ಮಾಡಿ.

ನೀರಿನಲ್ಲಿ ನಿಂತ ಕಾರಿನ ವಿಷಯವೇ ಬೇರೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಸಿಲುಕಿದ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಕೆಳಸೇತುವೆಯ ನೀರಿನಲ್ಲಿ ಎಂಜಿನ್ ನಿಂತರೆ ಎಂಜಿನ್ನಿನ ಯೋಚನೆ ಬಿಡಿ, ಬಾಗಿಲೋ ಕಿಟಕಿಯೋ ತೆರೆಯುವಾಗಲೇ ಹೊರಬನ್ನಿ. ನೀರು ಇಳಿದ ಮೇಲೂ ಸೆಲ್ಫ್ ಹೊಡೆಯಬಾರದು. ಸಿಲಿಂಡರಿಗೆ ನೀರು ನುಗ್ಗಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಫಿಲ್ಟರ್ ತೆರೆದು ಅದು ಒಣಗಿದೆಯೇ ಎಂದು ನೋಡುವವರೆಗೆ ಆ ಕೀಲಿ ಮುಟ್ಟಬೇಡಿ. ಈ ಒಂದು ವಿಷಯದಲ್ಲಿ ಸಾವಿರ ರೂಪಾಯಿಯ ಕೆಲಸ ಲಕ್ಷದ ಕೆಲಸವಾಗುವುದಕ್ಕೆ ಒಂದು ಸಲ ಸೆಲ್ಫ್ ಹೊಡೆದರೆ ಸಾಕು.

ಆ ಹತ್ತು ಸೆಕೆಂಡುಗಳ ಸಾಕ್ಷಿ

ಸುರಕ್ಷಿತವಾಗಿ ನಿಂತ ಮೇಲೆ ಮೊಬೈಲಿನಲ್ಲಿ ಧ್ವನಿ ಮುದ್ರಣ ಒತ್ತಿ, ನೆನಪಿರುವುದನ್ನೆಲ್ಲ ಹೇಳಿಬಿಡಿ. ಬರೆಯುತ್ತಾ ಕೂತರೆ ನೆನಪು ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತದೆ.

ಎಂಜಿನ್ ಹೇಗೆ ನಿಂತಿತು? ಯಾರೋ ಸ್ವಿಚ್ ಆರಿಸಿದಂತೆಯೋ, ಎಣ್ಣೆ ತೀರಿದ ದೀಪದಂತೆ ಮಿಣುಕಿ ಮಿಣುಕಿಯೋ? ನಿಂತಾಗ ನಿಮ್ಮ ಕಾಲು ಎಲ್ಲಿತ್ತು: ಎಕ್ಸಲರೇಟರ್ ಮೇಲೋ, ಅದನ್ನು ಬಿಟ್ಟು ಕ್ಲಚ್ ಒತ್ತಿದ್ದಿರೋ, ಬ್ರೇಕ್ ತುಳಿದಿದ್ದಿರೋ? ಡ್ಯಾಶ್‌ಬೋರ್ಡ್ ದೀಪಗಳು ಪೂರ್ತಿ ಕತ್ತಲಾದವೋ, ಬ್ಯಾಟರಿ ಮತ್ತು ಆಯಿಲ್ ದೀಪಗಳು ಹೊತ್ತಿಕೊಂಡವೋ? ಹೊರಟು ಎಷ್ಟು ಹೊತ್ತಾಗಿತ್ತು, ಟೆಂಪರೇಚರ್ ಮುಳ್ಳು ಎಲ್ಲಿತ್ತು, ಪೆಟ್ರೋಲ್ ಎಷ್ಟಿತ್ತು, ಕಡೆಯ ಸಲ ಎಲ್ಲಿ ಹಾಕಿಸಿದಿರಿ? ಮತ್ತೆ ಸ್ಟಾರ್ಟ್ ಆಗಿದ್ದರೆ ಎಷ್ಟು ನಿಮಿಷಕ್ಕೆ?

ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ತನಿಖೆ ಮುಗಿದಂತೆ. ಸ್ವಿಚ್ ಆರಿಸಿದಂತೆ ನಿಂತ ಎಂಜಿನ್‌ಗೆ ಹೆಚ್ಚಾಗಿ ವಿದ್ಯುತ್ತಿನ ಕಡೆಯ ತೊಂದರೆ ಇರುತ್ತದೆ: ಸೆನ್ಸರ್, ರಿಲೇ (ವಿದ್ಯುತ್ತಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚು), ವೈರಿಂಗ್, ಕೀಲಿಯ ಸ್ವಿಚ್ಚು. ಜರ್ಕ್ ಹೊಡೆದು, ಪಿಕಪ್ ಕಳೆದುಕೊಂಡು, ಉಸಿರು ಕಟ್ಟಿದಂತೆ ನಿಂತದ್ದು ಬಹುತೇಕ ಇಂಧನದ ಕೊರತೆ. ಎಕ್ಸಲರೇಟರ್ ಬಿಟ್ಟಾಗ, ಹಂಪ್ ಹತ್ತಿರ, ಸಿಗ್ನಲ್‌ನಲ್ಲಿ ಮಾತ್ರ ನಿಲ್ಲುವುದಾದರೆ ಗಾಳಿಯ ದಾರಿಯ ಕಡೆ ನೋಡಬೇಕು. ಇದು ಕಲ್ಲಿನಲ್ಲಿ ಕೊರೆದ ನಿಯಮವಲ್ಲ; ರಿಲೇ ಕೈಕೊಟ್ಟು ಪಂಪ್ ನಿಂತರೂ ಇಂಧನದ ಕೊರತೆಯಂತೆಯೇ ಕಾಣುತ್ತದೆ. ಆದರೂ ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಹೊಸ ಕಾರುಗಳವರಿಗೆ ಒಂದು ಮಾತು. ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗಿ ಕ್ಲಚ್ ಒತ್ತಿದೊಡನೆ ಸ್ಟಾರ್ಟ್ ಆಗುವುದು ಇಂಧನ ಉಳಿಸುವ ವ್ಯವಸ್ಥೆ, ದೋಷವಲ್ಲ. ಆಗ ಡ್ಯಾಶ್‌ಬೋರ್ಡಿನಲ್ಲಿ ಸುತ್ತಲೂ ಬಾಣವಿರುವ 'ಎ' ಗುರುತು ಕಾಣುತ್ತದೆ.

ರಸ್ತೆಯಂಚಿನಲ್ಲೇ ಮಾಡಬಹುದಾದ ಪರೀಕ್ಷೆ

ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಸೆಲ್ಫ್ ಹೊಡೆಯದೆ ನಿಲ್ಲಿ. ರೇಡಿಯೊ, ಫ್ಯಾನ್ ಎಲ್ಲ ಆಫ್ ಇರಲಿ. ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡು ಸಣ್ಣಗೆ ಗುಂಯ್‌ಗುಡುವ ಸದ್ದು ಕೇಳಬೇಕು. ಅದು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್. ಕಾರು ಸರಿಯಿರುವ ದಿನಗಳಲ್ಲೇ ಈ ಸದ್ದನ್ನು ಒಮ್ಮೆ ಕೇಳಿಸಿಕೊಂಡಿರಿ. ಕೇಳಿ ಗೊತ್ತಿಲ್ಲದ ಸದ್ದು ನಿಂತುಹೋದದ್ದು ಗೊತ್ತಾಗುವುದಿಲ್ಲ. ಸದ್ದಿಲ್ಲದಿದ್ದರೆ ಫ್ಯೂಸ್ ಪೆಟ್ಟಿಗೆ ತೆರೆಯಿರಿ. ಅದರ ಮುಚ್ಚಳದ ಒಳಬದಿಯಲ್ಲಿ ನಕಾಶೆ ಇರುತ್ತದೆ. ಫ್ಯೂಸ್ ಸುಟ್ಟಿಲ್ಲವೆಂದರೆ, ಕೀಲಿ ಆಫ್ ಮಾಡಿ ಪಂಪಿನ ರಿಲೇ ಕಿತ್ತು, ಅದೇ ನಂಬರಿನ ಬೇರೊಂದು ರಿಲೇ ಹಾಕಿ ನೋಡಿ. ಎಷ್ಟೋ ಕಾರುಗಳಲ್ಲಿ ಹಾರ್ನಿನ ರಿಲೇ ಅದೇ ನಂಬರಿನದಾಗಿರುತ್ತದೆ. ಸ್ಟಾರ್ಟ್ ಆಯಿತೆಂದರೆ ಹಾರ್ನ್ ಇಲ್ಲದೆ ಊರು ಸೇರುವುದು ಎಚ್ಚರದ ಕೆಲಸ, ಆದರೆ ರೋಗ ಮಾತ್ರ ಸಿಕ್ಕಿದೆ.

ಈಗ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳನ್ನೇ ನೋಡಿ. ಸೆಲ್ಫಿನ ಬಲದಲ್ಲಿ ಎಂಜಿನ್ ನಿಮಿಷಕ್ಕೆ ಇನ್ನೂರರ ಆಸುಪಾಸು ಸುತ್ತುತ್ತದೆ. ಬಹಳಷ್ಟು ಕಾರುಗಳಲ್ಲಿ ಮುಳ್ಳು ಸೊನ್ನೆಯಿಂದ ಒಂದಿಷ್ಟು ಮೇಲೇಳುತ್ತದೆ. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಅಲ್ಲಾಡದಿದ್ದರೆ, ಎಂಜಿನ್ ಸುತ್ತುತ್ತಿದೆ ಎಂಬ ಸುದ್ದಿಯೇ ಕಾರಿನ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ ಎಂದು ಸಂಶಯಿಸಬೇಕು.

ಸೆಲ್ಫ್ ಹೊಡೆದಾಗ ಎಂಜಿನ್ ಎಂದಿನ ಲಯ ಬಿಟ್ಟು, ಯಾವ ತಡೆಯೂ ಇಲ್ಲದೆ ಹಗುರಾಗಿ, ವೇಗವಾಗಿ ಸುಯ್ಯೆಂದು ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ಕಡಿದಿರಬಹುದು. ಮತ್ತೆ ಮತ್ತೆ ತಿರುಗಿಸಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಹಾನಿ ಹೆಚ್ಚುತ್ತದೆ.

ಬ್ಯಾಟರಿ ಟರ್ಮಿನಲ್‌ಗಳನ್ನು ಕೈಯಿಂದ ಹಿಡಿದು ತಿರುಗಿಸಿ ನೋಡುವುದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯುವುದು ಇವೆರಡೂ ಅರ್ಧ ನಿಮಿಷದ ಕೆಲಸ. ಟರ್ಮಿನಲ್ ಅಲ್ಲಾಡಬಾರದು. ಮುಚ್ಚಳ ತೆರೆದಾಗ ಗಾಳಿ ಜೋರಾಗಿ ಒಳಕ್ಕೆ ಎಳೆದುಕೊಂಡು, ಆಮೇಲೆ ಕಾರು ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪಂಪ್ ಪೆಟ್ರೋಲ್ ಎಳೆಯಲಾಗದೆ ಸೋತಿದೆ. ಪ್ಲಗ್ ವೈರ್ ಕಿತ್ತು ಕಿಡಿ ನೋಡುವ ಹಳೆಯ ಪದ್ಧತಿಗೆ ಮಾತ್ರ ಕೈ ಹಾಕಬೇಡಿ. ಈಗಿನ ಕಾಯಿಲ್‌ಗಳಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಆವಿಯೂ ಇರುತ್ತದೆ.

ಬಿಸಿಯಾದಾಗ ಸತ್ತು, ತಣ್ಣಗಾದಾಗ ಬದುಕುವ ಕಾರು

ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟ್ ಎಷ್ಟು ವೇಗದಲ್ಲಿ ಸುತ್ತುತ್ತಿದೆ, ಪಿಸ್ಟನ್ ಯಾವ ಜಾಗದಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಿನಷ್ಟು ದಪ್ಪದ ವಸ್ತು. ಅದು ಮಾತು ನಿಲ್ಲಿಸಿದರೆ ಯಾವಾಗ ಕಿಡಿ ಹಾರಿಸಬೇಕು, ಯಾವಾಗ ಪೆಟ್ರೋಲ್ ಸಿಂಪಡಿಸಬೇಕು ಎಂದು ಕಂಪ್ಯೂಟರಿಗೆ ತಿಳಿಯದು, ಎರಡನ್ನೂ ನಿಲ್ಲಿಸಿಬಿಡುತ್ತದೆ. ಹಳೆಯ ಸೆನ್ಸರಿನೊಳಗೆ ಕೂದಲೆಳೆಯಷ್ಟು ತೆಳುವಾದ ತಂತಿಯ ಸುತ್ತು ಎಲ್ಲೋ ಒಂದೆಡೆ ಬಿರುಕು ಬಿಟ್ಟಿರುತ್ತದೆ. ತಣ್ಣಗಿದ್ದಾಗ ಎರಡು ತುದಿಗಳೂ ತಾಗಿರುತ್ತವೆ. ಎಂಜಿನ್ ಕಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತವೆ. ಅರ್ಧ ಗಂಟೆ ಆರಿದರೆ ಮತ್ತೆ ತಾಗುತ್ತವೆ.

ಪೆಟ್ರೋಲ್ ಪಂಪ್ ಕೂಡ ಬಿಸಿಗೆ ಸೋಲುವ ವಸ್ತುವೇ. ಟ್ಯಾಂಕಿನ ಪೆಟ್ರೋಲೇ ಅದನ್ನು ತಂಪಾಗಿಡುವುದರಿಂದ, ಸದಾ ರಿಸರ್ವ್‌ನಲ್ಲಿ ಓಡಿಸುವವರ ಪಂಪ್ ಬೇಗ ಸವೆಯುತ್ತದೆ. ಅದೂ ಕಾದಾಗ ನಿಂತು, ಆರಿದಾಗ ಓಡಬಲ್ಲದು. ಎರಡರ ಲಕ್ಷಣವೂ ಒಂದೇ ಆದ್ದರಿಂದಲೇ ನನ್ನ ಕಾರಿನ ಪಂಪ್ ಬದಲಾದದ್ದು.

ಬೇರ್ಪಡಿಸುವುದು ಆ ಮುಳ್ಳು. ಮ್ಯಾನ್ಯುಯಲ್ ಕಾರು ಗೇರಿನಲ್ಲಿ ಉರುಳುತ್ತಿರುವಾಗ, ಕ್ಲಚ್ ಒತ್ತದಿದ್ದರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಪೆಟ್ರೋಲ್ ನಿಂತರೂ ಎಂಜಿನ್ ಸುತ್ತುತ್ತಲೇ ಇರುವುದರಿಂದ ಮುಳ್ಳು ಕಾರಿನ ವೇಗದ ಜೊತೆಜೊತೆಗೇ ಇಳಿಯಬೇಕು. ಕಾರು ಇನ್ನೂ ಉರುಳುತ್ತಿದೆ, ಕ್ಲಚ್ ಒತ್ತಿಲ್ಲ, ಆದರೂ ಮುಳ್ಳು ಸೊನ್ನೆಗೆ ಬಿತ್ತು ಎಂದರೆ ಎಂಜಿನ್ ಸುತ್ತುತ್ತಿದ್ದರೂ ಸುದ್ದಿ ಬರುತ್ತಿಲ್ಲ. ಆಗ ಸೆನ್ಸರ್, ಅದರ ವೈರು, ಇಲ್ಲವೇ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಮುಖ್ಯ ರಿಲೇ ಈ ಮೂರನ್ನು ಬಿಟ್ಟು ಬೇರೆಲ್ಲೂ ಹಣ ಹಾಕುವ ಮೊದಲು ಯೋಚಿಸಬೇಕು.

ಹಾಸನದ ಆ ಮೆಕ್ಯಾನಿಕ್ ಮಾಡಿದ್ದು ಇಷ್ಟು. ಎಂಜಿನ್ ಓಡುತ್ತಾ ಇರಲಿ ಎಂದು ಬಿಟ್ಟು ಕಾದರು. ಮುಕ್ಕಾಲು ಗಂಟೆಗೆ ಅದು ನಿಂತಿತು. ಸೆಲ್ಫ್ ಹೊಡೆಸಿ ಸ್ಕ್ಯಾನರ್ ಪರದೆ ತೋರಿಸಿದರು: ಆರ್‌ಪಿಎಂ ಸೊನ್ನೆ. ಒಂದು ಹಳೆಯ ಬನಿಯನ್ ತುಂಡನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಕೆಳಗಿನಿಂದ ಕೈ ತೂರಿಸಿ ಗೇರ್‌ಬಾಕ್ಸ್ ಸೇರುವ ಕಡೆಯಲ್ಲಿದ್ದ ಸೆನ್ಸರಿಗೆ ಸುತ್ತಿದರು. ಬಟ್ಟೆಯಿಂದ ಹಬೆ ಎದ್ದಿತು. ಎರಡು ಸಲ ಬಟ್ಟೆ ಬದಲಿಸಿದ ಮೇಲೆ "ಈಗ ಹೊಡೆಯಿರಿ" ಎಂದರು. ಪರದೆಯ ಮೇಲೆ 210 ಎಂದು ಮೂಡಿತು, ಮರುಕ್ಷಣ ಎಂಜಿನ್ ಹೊತ್ತಿಕೊಂಡಿತು. ಅರ್ಧ ಗಂಟೆ ಕಾಯಬೇಕಾದ ಕಾರು ಐದು ನಿಮಿಷದಲ್ಲಿ ಎದ್ದಿತ್ತು. ಹೊಸ ಸೆನ್ಸರಿನ ಬೆಲೆ, ಆಗಲೇ ಬದಲಿಸಿದ್ದ ಪಂಪಿನ ಬೆಲೆಯ ಕಾಲು ಭಾಗವೂ ಇರಲಿಲ್ಲ.

ನೀವೇ ಮಾಡುವುದಾದರೆ ಎಚ್ಚರ ಬೇಕು. ಪಕ್ಕದಲ್ಲೇ ಸೈಲೆನ್ಸರ್ ಪೈಪು ಕಾದಿರುತ್ತದೆ, ಜಾಕ್ ಮಾತ್ರ ನಂಬಿ ಕಾರಿನಡಿ ಹೋಗಬಾರದು, ಬಕೆಟ್ಟಿನಿಂದ ನೀರು ಸುರಿಯಬಾರದು. ಎರಡು ತಂತಿಯ ಸೆನ್ಸರ್ ಆಗಿದ್ದರೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಬಹುದು. ತಣ್ಣಗಿದ್ದಾಗ ಬರುವ ಅಂಕಿ ಬಿಸಿಯಲ್ಲಿ ಅನಂತಕ್ಕೆ ಹೋದರೆ ತೀರ್ಪು ಸಿಕ್ಕಂತೆ. ಮೂರು ತಂತಿಯದಾಗಿದ್ದರೆ ಅದು ಹೆಚ್ಚಾಗಿ ಹಾಲ್ ಮಾದರಿ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವಂಥದು), ಹಾಗಿದ್ದರೆ ಓಮ್ ಅಳೆದು ಪ್ರಯೋಜನವಿಲ್ಲ. ಅದರ ಸಿಗ್ನಲನ್ನು ಸ್ಕ್ಯಾನರಿನಲ್ಲೋ ಆಸಿಲೋಸ್ಕೋಪಿನಲ್ಲೋ ನೋಡಬೇಕು.

ಕಾಲು ತೆಗೆದೊಡನೆ ನಿಲ್ಲುವುದಾದರೆ

ಎಕ್ಸಲರೇಟರ್ ಬಿಟ್ಟಾಗ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚುತ್ತದೆ, ಅಂಚಿನ ಸಣ್ಣ ಸಂದಿಯಿಂದ ನುಸುಳುವ ಗಾಳಿಯಲ್ಲೇ ಎಂಜಿನ್ ಉಸಿರಾಡಬೇಕು. ಆ ಸಂದಿಗೆ ಕಪ್ಪು ಕಾರ್ಬನ್ ಮೆತ್ತಿಕೊಂಡರೆ ಐಡ್ಲಿಂಗ್, ಅಂದರೆ ಕಾಲು ತೆಗೆದಾಗಿನ ಎಂಜಿನ್ ವೇಗ, 700–900 ಆರ್‌ಪಿಎಂ ಬದಲು 400–500ಕ್ಕೆ ಕುಸಿದು ಕಾರು ಆಫ್ ಆಗುತ್ತದೆ. ಥ್ರಾಟಲ್ ಬಾಡಿ ಕ್ಲೀನರ್ ಸಿಂಪಡಿಸಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಕೀಲಿ ಆನ್ ಇರುವಾಗ ತಟ್ಟೆಯನ್ನು ಬೆರಳಿನಿಂದ ತಳ್ಳಬಾರದು. ಮೋಟಾರು ಹಾಳಾಗುತ್ತದೆ, ಬೆರಳೂ ಸಿಕ್ಕಿಕೊಳ್ಳಬಹುದು. ಶುಚಿ ಮಾಡಿದ ಮೇಲೆ ಐಡ್ಲಿಂಗ್ ಏರುಪೇರಾದರೆ ಹೆದರಬೇಡಿ. ಕಂಪ್ಯೂಟರ್ ಹೊಸ ಅಳತೆಯನ್ನು ಕಲಿಯಬೇಕು, ಕೆಲವು ಕಾರುಗಳಲ್ಲಿ ಅದನ್ನು ಸ್ಕ್ಯಾನರಿನಿಂದಲೇ ಮಾಡಿಸಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು, ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬರುವುದು. ರಬ್ಬರ್ ಹೋಸುಗಳು ಹತ್ತು ವರ್ಷದ ಬಿಸಿಗೆ ಒಣಗಿ ಸೀಳುತ್ತವೆ. ಐಡ್ಲಿಂಗ್‌ನಲ್ಲಿ ಕಿವಿಗೊಟ್ಟರೆ ಸುಸ್ ಎಂಬ ಸದ್ದು ಕೇಳಬಹುದು. ಬ್ರೇಕ್ ಒತ್ತಿದಾಗ ಮಾತ್ರ ಎಂಜಿನ್ ನಡುಗಿ ನಿಲ್ಲುತ್ತದೆಯೇ? ಹಾಗಾದರೆ ಬ್ರೇಕ್ ಬೂಸ್ಟರಿನ ಒಳಪೊರೆ ಹರಿದಿರಬಹುದು. ಇದನ್ನು ನಾಳೆಗೆ ಬಿಡಬೇಡಿ, ಇಲ್ಲಿ ಎಂಜಿನ್ನಿಗಿಂತ ಬ್ರೇಕು ಮುಖ್ಯ.

ಆಟೊಮ್ಯಾಟಿಕ್ ಕಾರು ನಿಲ್ಲಿಸುವ ಹೊತ್ತಿಗೆ, ಕ್ಲಚ್ ಒತ್ತದೆ ಬ್ರೇಕ್ ಹಾಕಿದಂತೆ ಗುದ್ದಿ ಆಫ್ ಆದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರಿನ ಲಾಕ್ ಬಿಡಿಸಿಕೊಳ್ಳುತ್ತಿಲ್ಲವೇನೋ ನೋಡಿಸಿ.

ಏರುವಾಗ, ವೇಗ ಹೆಚ್ಚಿಸುವಾಗ ಸೋತು ನಿಂತರೆ

ಎಂಜಿನ್ ಹೆಚ್ಚು ಕೇಳಿದಾಗ ಪೆಟ್ರೋಲ್ ಸಾಲದಾಗುತ್ತಿದೆ. ಗೇಜ್ ಹಾಕಿ ಒತ್ತಡ ಅಳೆಯದೆ ಪಂಪ್ ಬದಲಿಸಲು ಒಪ್ಪಬೇಡಿ. ಸಾಮಾನ್ಯ ಮಲ್ಟಿಪಾಯಿಂಟ್ ಇಂಜೆಕ್ಷನ್ ಕಾರುಗಳಲ್ಲಿ ಮೂರರಿಂದ ನಾಲ್ಕು ಬಾರ್ ಇರುವುದು ವಾಡಿಕೆ, ನಿಖರ ಅಂಕಿ ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಐಡ್ಲಿಂಗ್‌ನಲ್ಲಿ ಸರಿಯಾಗಿದ್ದು, ರೇಸ್ ಮಾಡಿದಾಗ ಕುಸಿಯುತ್ತದೆಯೇ ಎಂಬುದನ್ನೇ ನೋಡಬೇಕು. ಒತ್ತಡ ಸರಿಯಾಗಿದ್ದೂ ಪಿಕಪ್ ಇಲ್ಲವೆಂದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂಬುದರ ಕಡೆ ಗಮನ ಹರಿಸಿ.

ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದ್ದ ಕಾರು ಹೊರಟ ಕೆಲವೇ ಕಿಲೋಮೀಟರಿಗೆ ನಿಂತರೆ ಪೆಟ್ರೋಲಿನಲ್ಲಿ ನೀರಿರುವ ಸಾಧ್ಯತೆ ಯೋಚಿಸಿ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪ್ ಮೊದಲು ಎಳೆಯುವುದು ಆ ತಳದ್ದನ್ನೇ. ಗಾಜಿನ ಬಾಟಲಿಯಲ್ಲಿ ಅರ್ಧ ಲೀಟರ್ ಹಿಡಿದು ಒಂದು ಗಂಟೆ ಇಟ್ಟರೆ ಎರಡು ಪದರ ಕಣ್ಣಿಗೇ ಕಾಣುತ್ತದೆ. ಹಾಗಿದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸುವುದೊಂದೇ ದಾರಿ; ಮೇಲೆ ಹೊಸ ಪೆಟ್ರೋಲ್ ಸುರಿದರೆ ಸರಿಹೋಗುವುದಿಲ್ಲ. ಬಂಕಿನ ಪೆಟ್ರೋಲಿನ ಮೇಲೆ ಸಂಶಯವಿದ್ದರೆ ಫಿಲ್ಟರ್ ಪೇಪರ್ ಮತ್ತು ಸಾಂದ್ರತೆಯ ಪರೀಕ್ಷೆ ಮಾಡಿ ತೋರಿಸಿ ಎಂದು ಅಲ್ಲೇ ಕೇಳುವುದು ಗ್ರಾಹಕರ ಹಕ್ಕು.

ಎಲ್ಲ ದೀಪಗಳೂ ಒಟ್ಟಿಗೆ ಆರಿದರೆ

ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾಗಿ ಕಾರು ನಿಂತಿದ್ದರೆ ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ಪಟ್ಟಿ (ಬ್ಯಾಟರಿಯ ನೆಗೆಟಿವನ್ನು ಎಂಜಿನ್ ಮತ್ತು ಬಾಡಿಗೆ ಜೋಡಿಸುವುದು), ಕೀಲಿಯ ಸ್ವಿಚ್ಚು ಈ ಮೂರರಲ್ಲಿ ಒಂದು ಎಂದುಕೊಳ್ಳಿ. ಹೆಡ್‌ಲೈಟ್ ಮಂಕಾಗಿ, ವೈಪರ್ ನಿಧಾನವಾಗಿ, ಒಂದೊಂದೇ ಎಚ್ಚರಿಕೆ ದೀಪ ಹೊತ್ತಿ ಕೊನೆಗೆ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿಯಲ್ಲಿ 12.4ರಿಂದ 12.7 ವೋಲ್ಟ್, ಓಡುವಾಗ ಸುಮಾರು 13.5ರಿಂದ 14.5 ಇರಬೇಕು. ಅರ್ಥಿಂಗ್ ಪರೀಕ್ಷೆಯೂ ಸುಲಭ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿ ಯಾರಿಂದಲಾದರೂ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ.

ಕೀಲಿಯ ಸ್ವಿಚ್ಚನ್ನು ಯಾರೂ ಸಂಶಯಿಸುವುದಿಲ್ಲ. 2014ರಲ್ಲಿ ಜನರಲ್ ಮೋಟರ್ಸ್ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಇದೇ ಸ್ವಿಚ್ಚಿನ ದೋಷಕ್ಕೆ. ಕೀಲಿಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಾಟಕ್ಕೋ ಕೀಲಿ ತಾನಾಗಿ ಹಿಂದಕ್ಕೆ ಜಾರಿ, ಓಡುವಾಗಲೇ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡಿತು. ನಮ್ಮಲ್ಲೂ ಮನೆ, ಅಂಗಡಿ, ಗೋದ್ರೆಜ್ ಬೀರು ಎಲ್ಲದರ ಕೀಲಿಯೂ ಕಾರಿನ ಕೀಲಿಯ ಗೊಂಚಲಿನಲ್ಲೇ ತೂಗಾಡುತ್ತಿರುತ್ತವೆ. ಹಂಪ್ ಹಾರಿದಾಗ, ಗುಂಡಿಗೆ ಬಿದ್ದಾಗ ಕಾರು ಆಫ್ ಆಗುತ್ತಿದ್ದರೆ ಮೊದಲು ಗೊಂಚಲು ಬಿಚ್ಚಿ ಒಂಟಿ ಕೀಲಿಯಲ್ಲಿ ಓಡಿಸಿ. ಬಳಿಕ ನಿಂತ ಜಾಗದಲ್ಲೇ ಎಂಜಿನ್ ಓಡಿಸಿಟ್ಟು, ನ್ಯೂಟ್ರಲ್‌ನಲ್ಲಿ, ಕೀಲಿಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ.

ಇದೇ ಗುಂಪಿನಲ್ಲಿ ಇಲಿ ಕಡಿದ ವೈರುಗಳನ್ನೂ, ಹೊರಗೆ ಹಾಕಿಸಿದ ಅಲಾರಂ, ಕ್ಯಾಮೆರಾ, ಮ್ಯೂಸಿಕ್ ಸಿಸ್ಟಂಗಳ ಜೋಡಣೆಯನ್ನೂ ಸೇರಿಸಿ. ಟೇಪ್ ಸುತ್ತಿದ ಜಾಯಿಂಟ್ ಎಲ್ಲಿ ಕಂಡರೂ ಬಿಚ್ಚಿಸಿ ನೋಡಿ.

ಸ್ಕ್ಯಾನರ್ ಹೇಳುವುದು, ಹೇಳದಿರುವುದು

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಮಾತನಾಡುವ ಸಣ್ಣ ಸ್ಕ್ಯಾನರ್ ಒಂದನ್ನು ಹಳೆಯ ಕಾರಿರುವ ಪ್ರತಿ ಮನೆಯೂ ಇಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ: ಸ್ಕ್ಯಾನ್ ಮಾಡುವ ಮುನ್ನ ಬ್ಯಾಟರಿ ಟರ್ಮಿನಲ್ ಬಿಚ್ಚಲು ಯಾರಿಗೂ ಬಿಡಬೇಡಿ. ದೋಷದ ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಬಿಸಿ, ಹೊರೆ ಎಷ್ಟಿತ್ತು ಎಂಬುದನ್ನು ಕಂಪ್ಯೂಟರ್ 'ಫ್ರೀಜ್ ಫ್ರೇಮ್' ಎಂದು ಉಳಿಸಿರುತ್ತದೆ. ಟರ್ಮಿನಲ್ ತೆಗೆದರೆ ಅದು ಅಳಿಸಿಹೋಗಬಹುದು. ಮೊದಲು ಎಲ್ಲ ಪರದೆಗಳ ಚಿತ್ರ ತೆಗೆದುಕೊಳ್ಳಿ.

ಪಿ0335 ಕ್ರ್ಯಾಂಕ್ ಸೆನ್ಸರಿನ, ಪಿ0340 ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಸೆನ್ಸರಿನ ಸರ್ಕಿಟ್‌ಗೆ ಸಂಬಂಧಿಸಿದ್ದು. ಪಿ0171 ಎಂದರೆ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ. ಪಿ0087 ಇಂಧನದ ಒತ್ತಡ ತಗ್ಗಿದ್ದು, ಪಿ0562 ವೋಲ್ಟೇಜ್ ಕುಸಿದದ್ದು. ಕೋಡ್ ಬಂದ ಮಾತ್ರಕ್ಕೆ ಆ ಭಾಗವೇ ಕೆಟ್ಟಿದೆ ಎಂದಲ್ಲ. ಅದರ ವೈರು, ಕನೆಕ್ಟರ್ ಕೂಡ ಅಷ್ಟೇ ಶಂಕಿತರು. ನನ್ನ ಕಾರಿನಲ್ಲಿ ಮೊದಲ ಎರಡು ಸಲ ಯಾವ ಕೋಡೂ ಬಂದಿರಲಿಲ್ಲ. ಹಾಗಾಗುವುದು ಅಪರೂಪವಲ್ಲ.

ಕೋಡಿಗಿಂತ ಹೆಚ್ಚು ಕಲಿಸುವುದು 'ಫ್ಯುಯೆಲ್ ಟ್ರಿಮ್' ಎಂಬ ಅಂಕಿ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇಕಡ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಗಿ ಬಂದಿದೆ ಎಂಬುದು ಅದರ ಅರ್ಥ. ಹತ್ತರೊಳಗೆ ಏರಿಳಿದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಇಪ್ಪತ್ತು ದಾಟಿ, 2500 ಆರ್‌ಪಿಎಂನಲ್ಲಿ ಸರಿಹೋದರೆ ಗಾಳಿ ಸೋರಿಕೆ ಹುಡುಕಿ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಹೊರೆ ಹೆಚ್ಚಿದಂತೆ ಏರಿದರೆ ಪಂಪ್, ಫಿಲ್ಟರ್ ಕಡೆ ಹೋಗಿ.

ಡೀಸೆಲ್ ಮತ್ತು ಸಿಎನ್‌ಜಿ

ಡೀಸೆಲ್ ಕಾರಿನಲ್ಲಿ ಮೊದಲ ಶಂಕಿತ ಫಿಲ್ಟರ್. ಅದರ ತಳದ ತಿರುಪು ಸಡಿಲಿಸಿ ನೀರು ಬರುತ್ತದೆಯೇ ನೋಡಿ. ಎರಡನೆಯದು ಏರ್ ಹಿಡಿಯುವುದು: ಟ್ಯಾಂಕಿನಿಂದ ಬರುವ ಪೈಪಿನ ಕ್ಲಿಪ್ಪು, ಓ-ರಿಂಗ್‌ಗಳಲ್ಲಿ ಎಲ್ಲೋ ಗಾಳಿ ಒಳನುಸುಳುತ್ತದೆ. ಪಾರದರ್ಶಕ ಪೈಪು ಜೋಡಿಸಿದರೆ ಗುಳ್ಳೆಗಳು ಕಾಣುತ್ತವೆ. ಫಿಲ್ಟರ್ ಬದಲಿಸಿದ ವಾರದಲ್ಲೇ ತೊಂದರೆ ಶುರುವಾಗಿದ್ದರೆ ಮತ್ತೆ ಅಲ್ಲೇ ನೋಡಿಸಿ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮುಚ್ಚಿಕೊಳ್ಳದೆ ನಿಂತರೂ ಐಡ್ಲಿಂಗ್‌ನಲ್ಲಿ ಕಾರು ಆಫ್ ಆಗುತ್ತದೆ. ಕಾಮನ್ ರೈಲ್ ಎಂಜಿನ್ನಿನ ಅಧಿಕ ಒತ್ತಡದ ಪೈಪನ್ನು ಮಾತ್ರ ನೀವು ಮುಟ್ಟಬೇಡಿ. ಓಡುವಾಗ ಅಲ್ಲಿ ಸಾವಿರ ಬಾರ್ ಮೀರಿದ ಒತ್ತಡವಿರುತ್ತದೆ, ಸೋರಿದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

ಸಿಎನ್‌ಜಿ ಕಾರಿನವರಿಗೆ ಒಂದು ಅನುಕೂಲವಿದೆ. ಎರಡು ದಿನ ಪೆಟ್ರೋಲಿನಲ್ಲೇ ಓಡಿಸಿ. ನಿಲ್ಲದಿದ್ದರೆ ಗ್ಯಾಸಿನ ಫಿಲ್ಟರ್, ಗ್ಯಾಸಿನ ಒತ್ತಡ ತಗ್ಗಿಸುವ ರೆಡ್ಯೂಸರ್ ನೋಡಿಸಿ. ಎರಡರಲ್ಲೂ ನಿಂತರೆ ದೋಷ ಎರಡಕ್ಕೂ ಸಾಮಾನ್ಯವಾದ ಕಿಡಿ, ಸೆನ್ಸರ್, ವೈರಿಂಗ್‌ನಲ್ಲಿದೆ.

ರಿಪೇರಿ ಆದ ಮೇಲೆ

ಗ್ಯಾರೇಜಿನ ಸುತ್ತ ಎರಡು ಕಿಲೋಮೀಟರ್ ಓಡಿಸಿ ಸರಿಯಾಯಿತು ಎನ್ನುವುದನ್ನು ಒಪ್ಪಬೇಡಿ. ಯಾವ ಬಿಸಿಯಲ್ಲಿ, ಯಾವ ಹೊರೆಯಲ್ಲಿ ನಿಂತಿತ್ತೋ ಅದೇ ಸ್ಥಿತಿಗೆ ಕಾರನ್ನು ಒಯ್ಯಬೇಕು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ದಿನಾಂಕ ಮತ್ತು ಕಿಲೋಮೀಟರ್ ಬರೆದು ಇಡಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲಿ; ಮೂರು ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ಎಂದಿಗೂ ತಿಳಿಯುವುದಿಲ್ಲ.

ನಾವು ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಗುಂಡ್ಯಕ್ಕೆ ಇಳಿದು, ಎಸಿ ಹಾಕಿಕೊಂಡು, ಲಾರಿಗಳ ಹಿಂದೆ ಎರಡನೇ ಗೇರಿನಲ್ಲೇ ಘಾಟಿ ಏರಿದೆವು. ತಂಗಿ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಆರ್‌ಪಿಎಂ ಅಂಕಿಯನ್ನೇ ನೋಡುತ್ತಿದ್ದಳು. ಹಿಂದೆ ನಿಂತಿದ್ದ ತಿರುವಿನಲ್ಲಿ 1900 ಇತ್ತು. ಮಾರನಹಳ್ಳಿ ದಾಟಿದ ಮೇಲೆ ಅವಳು ಫೋನ್ ಕೆಳಗಿಟ್ಟಳು.